ಸಾಣೆಗೆ ಹೋದ ಕತ್ತಿ

ಅಶ್ವತ್ಥಪ್ಪನವರ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ತಿರುಗುವಾಗ, ಕನ್ನಡಿಯ ಕಡೆ ನೋಡಬಾರದು ಅಂದುಕೊಳ್ಳುತ್ತಲೇ ಕೋದಂಡಪ್ಪ ನೋಡಿದ. ಕನ್ನಡಿಯನ್ನು ಓರೆಯಾಗಿ ತೂಗುಹಾಕಿದ್ದರಿಂದ ಕುರ್ಚಿಯಲ್ಲಿ ಕೂತವರ ಮುಖದ ಹಿಂದೆ ಅಂಗಡಿಯ ಬಾಗಿಲು, ಅದರಾಚೆ ಸ್ಟೇಷನ್ ರಸ್ತೆ, ರಸ್ತೆಯಾಚೆ ಹೊಂಗೆಮರ, ಮರದ ಬುಡದ ಕಲ್ಲುಚಪ್ಪಡಿ ಇಷ್ಟೂ ಕಾಣುತ್ತಿತ್ತು. ಚಪ್ಪಡಿಯ ಮೇಲೆ ಯಾರೂ ಇರಲಿಲ್ಲ. ಇವತ್ತು ಗುರುವಾರ. ಗಣಿ ಕೆಲಸದ ಕುಪ್ಪುಸ್ವಾಮಿ ಅಲ್ಲಿ ಬಂದು ಕೂರುವುದು ರಜೆಯಿರುವ ಭಾನುವಾರ ಮಾತ್ರ. ಇದು ಗೊತ್ತಿದ್ದೂ ಕೋದಂಡಪ್ಪನಿಗೆ ನೆಮ್ಮದಿಯಾಗಲಿಲ್ಲ. ಏಳು ತಿಂಗಳಿಂದ ಹೀಗೇ. ಭಾನುವಾರ ಆ ಮನುಷ್ಯ ಅಲ್ಲಿ ಕೂತಿರುತ್ತಾನೆ, ಉಳಿದ ಆರು ದಿನ ಅವನು ಇಲ್ಲದಿರುವುದು ಅಲ್ಲಿ ಕೂತಿರುತ್ತದೆ. ಕನ್ನಡಿಯನ್ನು ಒಮ್ಮೆ ನೇರ ಮಾಡಿ ನೋಡಿದ್ದ. ಬೆಳಕು ಸಾಲದೆಂದು ಗಿರಾಕಿಗಳು ಗೊಣಗಿದರು, ಮತ್ತೆ ಓರೆಯಾಗಿ ತೂಗುಹಾಕಿದ.

"ಕೈ ಯಾಕ್ಲಾ ನಡುಗ್ತದೆ? ಕಿವಿ ಕುಯ್ದು ಕೈಗೆ ಕೊಟ್ಟೀಯ," ಅಂದರು ಅಶ್ವತ್ಥಪ್ಪನವರು ಕಣ್ಣು ಮುಚ್ಚಿಕೊಂಡೇ.

"ಚಳಿ ಬುದ್ಧಿ."

"ಶಿವರಾತ್ರಿ ಆಯ್ತು, ಚಳಿಯಂತೆ. ಎದ್ರುಕಾಬೇಡ. ಅಮಲ್ದಾರ್ರು ಏನು ಉಲೀನಾ? ವಕೀಲ್ರು ಯೇಳ್ಕೊಟ್ಟಿದ್ದು ಒಂದೇ ಮಾತು. ಗಿಳಿ ಯೇಳ್ದಂಗೆ ಯೇಳಿ ಬಾ."

ಹನ್ನೊಂದು ಗಂಟೆಗೆ ಅಮಲ್ದಾರರ ಕಚೇರಿಯಲ್ಲಿ ಕೇಸು. ಅದಕ್ಕಾಗಿಯೇ ಊರಗೌಡರಾದ ಅಶ್ವತ್ಥಪ್ಪನವರು ಕ್ಯಾಸಂಬಳ್ಳಿ ಕಡೆಯ ತಮ್ಮ ಊರಿನಿಂದ ಗಾಡಿ ಕಟ್ಟಿಸಿಕೊಂಡು, ತಮ್ಮ ದಾಯಾದಿ ಶ್ರೀರಾಮಪ್ಪನನ್ನೂ ಮತ್ತೆ ನಾಲ್ಕೈದು ಜನರನ್ನೂ ಕರೆದುಕೊಂಡು ಬೆಳಿಗ್ಗೆಯೇ ಬೌರಿಂಗ್‌ಪೇಟೆಗೆ ಬಂದಿದ್ದರು. ಬಂದದ್ದು ಬಂದರು, ಕಚೇರಿಗೆ ಹೋಗುವ ಮುಂಚೆ ಗಡ್ಡ ತೆಗೆಸಿಕೊಳ್ಳೋಣ ಅಂತ ಅಂಗಡಿಗೂ ಬಂದರು. ಆ ಊರಿನ ತಲೆಗಳು ಕೋದಂಡಪ್ಪನ ಅಪ್ಪನ ಕಾಲದಿಂದಲೂ ಅವನ ಮನೆಯವರ ಪಾಲು. ಸುಗ್ಗಿಯಲ್ಲಿ ಆಯವೆಂದು ಮನೆಗಿಷ್ಟು ರಾಗಿ ಅಳೆದು ಕೊಡುತ್ತಾರೆ, ಮದುವೆಗೆ ವೀಳ್ಯ ಕೊಡುತ್ತಾರೆ, ಸಾವಿಗೆ ಹಳೇ ಪಂಚೆ. ಸ್ಟೇಷನ್ ರಸ್ತೆಯಲ್ಲಿ ಈ ತಗಡಿನ ಅಂಗಡಿ ಹಾಕಿ, ದೊರೆಗಳ ಬಂಗಲೆಯ ಹರಾಜಿನಲ್ಲಿ ಸಿಕ್ಕಿದ ಈ ಕುರ್ಚಿ ತಂದಿಟ್ಟ ಮೇಲೂ ಅವನು ಆ ಊರಿನವನೇ. ಬಾಗಿಲ ಮೇಲೆ 'ಸಲೂನ್' ಅಂತ ಬರೆಸಿದ ಬೋರ್ಡನ್ನು ಓದಲು ಬಾರದವರಂತೆ ಅವರು ಒಳಗೆ ಬಂದು, ಸರದಿಯಲ್ಲಿ ಇದ್ದವರನ್ನು ಎಬ್ಬಿಸಿ ಕೂರುತ್ತಾರೆ. ಅವನು ಒಂದು ದಿನವೂ ಏನೂ ಅಂದವನಲ್ಲ.

ಇನ್ನು ಇವರು ಕಚೇರಿಯಿಂದ ನೇರ ಊರಿಗೆ ಹೋಗಿ ಬಚ್ಚಲಲ್ಲಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಾರೆ. ಸುರಿದುಕೊಳ್ಳದೆ ಒಲೆಯ ಹತ್ತಿರ ಹೋಗುವಂತಿಲ್ಲ. ಕೋದಂಡಪ್ಪನ ಕೈ ಸೋಕಿದವರೆಲ್ಲ ಹಾಗೇ, ಅವನ ನಲವತ್ತು ವರ್ಷದ ಬಾಳಿನಲ್ಲಿ ಒಬ್ಬರೂ ತಪ್ಪಿಸಿದವರಿಲ್ಲ. ಬೆಳಿಗ್ಗೆ ಎದ್ದವರಿಗೆ ಎದುರಾಗಬಾರದ ಮುಖ ಅವನದು. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದು ಏನಾದರೂ ಇದೆ ಅಂತ ಏಳು ತಿಂಗಳ ಹಿಂದಿನವರೆಗೆ ಅವನಿಗೆ ಅನ್ನಿಸಿರಲಿಲ್ಲ. ಈಗ ಕತ್ತಿ ಗದ್ದದ ಕೆಳಗೆ ಇಳಿಯುವಾಗಲೆಲ್ಲ, ಈ ಗಂಟಲು ಇನ್ನೊಂದು ಗಳಿಗೆಗೆ ತನ್ನನ್ನು ತೊಳೆದುಕೊಳ್ಳುತ್ತದೆ ಅನ್ನಿಸುತ್ತದೆ. ಅನ್ನಿಸಿದ ಕೂಡಲೇ ಕತ್ತಿ ಎತ್ತಿ, ಒಂದು ಗಳಿಗೆ ಬಿಟ್ಟು ಮತ್ತೆ ಇಳಿಸುತ್ತಾನೆ.

ಬೆಳಿಗ್ಗೆ ಹೆಂಡತಿ ಕದಿರಮ್ಮ ಕೂಡ ಕೈಯನ್ನೇ ನೋಡಿದ್ದಳು. ಅವಳು ಸೂಲಗಿತ್ತಿ, ಕೈ ನೋಡಿಯೇ ಮನುಷ್ಯರನ್ನು ತಿಳಿದುಕೊಳ್ಳುವವಳು. ಅಂಬಲಿಯ ಚೆಂಬು ಮುಂದಿಟ್ಟು, "ಗಂಟ್ಲಾಗೆ ಇಳೀತಿಲ್ವಾ?" ಅಂದಳು. ಇವನು ಚೆಂಬನ್ನು ಅತ್ತ ಸರಿಸಿದ. "ಯೇಳೋದೇನು, ಯೇಳ್ಬುಡು. ಕತ್ತಿ ಸಾಣೆಗೆ ಓಗಿತ್ತು ಅಂತ. ಆ ಕುಪ್ಪುಸ್ವಾಮಿಗೆ ಸರ್ಕಾರ ಕಾನೂನು ಮಾಡ್ತು. ನಿಂಗೆ ಯಾರು ಮಾಡವ್ರೆ? ಗೌಡ್ರು ಆಯ ನಿಲ್ಸುದ್ರೆ ಯಾವ ಅಮಲ್ದಾರ ಬಂದು ರಾಗಿ ಅಳೀತಾನೆ?" ಅಂದಳು. ಆಮೇಲೆ ತನ್ನ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಅವನಿಗಲ್ಲ, ಒಲೆಗೆ ಹೇಳಿದಳು. "ಆ ಊರಾಗೆ ಉಟ್ಟಿದ ಕೂಸ್ನೆಲ್ಲ ಮೊದ್ಲು ಮುಟ್ಟೋಳು ನಾನು. ಸತ್ತೋರ್ನ ಕಡೇಗೆ ಮುಟ್ಟೋನು ನೀನು. ನಡುವೆ ಮಾತ್ರ ಮುಟ್ಟುಸ್ಕಳಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಗು ಕೂಡ ಇರಲಿಲ್ಲ. ಅವನು ಅಂಬಲಿ ಬಿಟ್ಟು ಎದ್ದ.

ಏಳು ತಿಂಗಳ ಹಿಂದೆ, ಅವತ್ತೂ ಭಾನುವಾರ, ಶ್ರಾವಣದ ಮೋಡ. ಒಳಗೆ ಬಂದ ಕುಪ್ಪುಸ್ವಾಮಿ ಕಾಲರಿನ ಅಂಗಿ ಹಾಕಿಕೊಂಡು, ಕೈಯಲ್ಲಿ ಒಂದು ಚೀಲ ಹಿಡಿದಿದ್ದ. ಎರಡು ದಿನದ ಗಡ್ಡ. "ಅಣ್ಣಾ, ಜಲ್ದಿ ಆಗ್ಬೇಕು. ಜೋಲಾರ್‌ಪೇಟೆ ವಂಡಿ ಇಡೀಬೇಕು. ಮಗಳಿಗೆ ಗಂಡಿನ ಮನೆ ನೋಡಾಕೆ ಓಗ್ತಿವ್ನಿ," ಅಂದ. ಗಣಿಯವರ ಕನ್ನಡ, ಅರ್ಧ ತಮಿಳು. ಕೋದಂಡಪ್ಪ ಜಾತಿ ಕೇಳಲಿಲ್ಲ. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಯಾರನ್ನೂ ಕೇಳುತ್ತಿರಲಿಲ್ಲ, ಕೇಳದೆ ಇರುವುದರಲ್ಲಿಯೇ ಆ ಅಂಗಡಿಯ ಹೊಟ್ಟೆಪಾಡು ಇತ್ತು. ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಎರಡೂ ಕೆನ್ನೆಗೆ ನೊರೆ ಹಚ್ಚಿದ. ಕತ್ತಿಯನ್ನು ಚರ್ಮದ ಪಟ್ಟಿಗೆ ನಾಲ್ಕು ಸಲ ಎಳೆದು, ಎಡಗೈ ಹೆಬ್ಬೆರಳಿನಿಂದ ಕಿವಿಯ ಹತ್ತಿರದ ಚರ್ಮವನ್ನು ಮೇಲಕ್ಕೆಳೆದು ಹಿಡಿದಿದ್ದ. ಆಗ ಶ್ರೀರಾಮಪ್ಪ ಒಳಗೆ ಬಂದ. ಬಂದವನು ಕನ್ನಡಿಯಲ್ಲಿ ಆ ಮುಖವನ್ನು ನೋಡಿ, ನೊರೆಯ ನಡುವಿನ ಕಣ್ಣು ಮೂಗುಗಳನ್ನು ಕೂಡಿಸಿ ನೋಡಿ, "ಇವ್ನು ನಮ್ಮೂರ ಕೇರಿಯೋನಲ್ವೇನ್ಲಾ? ಚಿಕ್ಕೋನಾಗಿದ್ದಾಗ ಗಣಿಗೆ ಓಡೋದೋನು," ಅಂದ. ಅಷ್ಟೇ ಅಂದದ್ದು. ಅಂದು ಬಾಗಿಲಿಗೆ ಒರಗಿ, ಮುಂದೇನಾಗುತ್ತದೋ ನೋಡೋಣ ಅನ್ನುವಂತೆ ನಿಂತ.

ಕತ್ತಿ ಕತ್ತರಿಯ ಹಡಪ ಹೊತ್ತು ಅಪ್ಪನ ಹಿಂದೆ ಊರೂರು ಸುತ್ತುವಾಗ ಕೋದಂಡಪ್ಪ ಕಲಿತ ಮೊದಲ ಮಾತು ಒಂದಿತ್ತು. ನಮ್ಮ ಕಸುಬಿನವನು ಯಾರಿಗೂ ಆಗಲ್ಲ ಅನ್ನಬಾರದು ಕಣೋ ಅನ್ನುತ್ತಿದ್ದ ಅಪ್ಪ. ಆಗಲ್ಲ ಅನ್ನುವುದು ದೊಡ್ಡವರ ಮಾತು. ಆಗದವರು ಬಂದರೆ, ಕತ್ತಿ ಸಾಣೆಗೆ ಹೋಗಿದೆ ಅನ್ನಬೇಕು. ಒಮ್ಮೆ ಒಂದು ಹುಣಸೆಮರದ ಕೆಳಗೆ ಅಪ್ಪ ಕತ್ತಿ ಮಸೆಯುತ್ತಲೇ ಕೇರಿಯ ಮುದುಕನೊಬ್ಬನಿಗೆ ಹಾಗೆ ಹೇಳಿದ್ದ. ಮುದುಕ ಕತ್ತಿಯನ್ನು ನೋಡಿದ, ಅಪ್ಪನನ್ನು ನೋಡಿದ, ಬೊಚ್ಚುಬಾಯಲ್ಲಿ ನಕ್ಕು, ಆಗಲಿ ಸ್ವಾಮಿ ಅಂತ ಹೊರಟುಹೋದ. ಸುಳ್ಳಲ್ಲವೇನಪ್ಪಾ ಅಂದದ್ದಕ್ಕೆ, ಸುಳ್ಳಲ್ಲ, ಮರ್ಯಾದೆ ಅಂದಿದ್ದ ಅಪ್ಪ. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಇಬ್ಬರ ಮುಖವೂ ಉಳಿಯಿತು.

ಕೋದಂಡಪ್ಪ ಹೆಬ್ಬೆರಳನ್ನು ಕೆನ್ನೆಯಿಂದ ತೆಗೆದ. ಬಲಗೈಯಲ್ಲಿ ಕತ್ತಿಯಿತ್ತು. "ಕತ್ತಿ ಸಾಣೆಗೆ ಓಗ್ಯದೆ," ಅಂದ.

ಕುಪ್ಪುಸ್ವಾಮಿ ಕನ್ನಡಿಯಲ್ಲಿ ಕತ್ತಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಸಿಟ್ಟು ಮಾಡಿಕೊಂಡಿದ್ದರೆ, ಬೈದಿದ್ದರೆ, ಆ ಮುದುಕನ ಹಾಗೆ ನಕ್ಕಿದ್ದರೆ ಕೋದಂಡಪ್ಪ ಆ ದಿನವನ್ನು ಯಾವತ್ತೋ ಮರೆತಿರುತ್ತಿದ್ದ. ಅವನು ಇದ್ಯಾವುದನ್ನೂ ಮಾಡದೆ ಹೊದಿಸಿದ ಬಟ್ಟೆಯನ್ನು ತಾನೇ ಬಿಚ್ಚಿ, ನೀಟಾಗಿ ಮಡಿಸಿ ಕುರ್ಚಿಯ ತೋಳಿನ ಮೇಲಿಟ್ಟು, "ಪರವಾಯಿಲ್ಲೆ ಅಣ್ಣಾ. ಬರ್ಲಿ. ಕಾಯ್ತೀನಿ," ಅಂದ. ರಸ್ತೆ ದಾಟಿ ಆ ಚಪ್ಪಡಿಯ ಮೇಲೆ ಹೋಗಿ ಕೂತ. ನೊರೆ ಅವನ ಕೆನ್ನೆಯ ಮೇಲೇ ಒಣಗಿತು. ಜೋಲಾರ್‌ಪೇಟೆ ಗಾಡಿ ಬಂತು, ಕೂಗಿತು, ಹೋಯಿತು. ಅವನು ನಿಜವಾಗಿ ನಂಬಿದ್ದನೋ, ಇಲ್ಲ ಬೇಕೆಂದೇ ಹಾಗೆ ಮಾಡಿದನೋ ಎಂಬುದು ಕೋದಂಡಪ್ಪನಿಗೆ ಇವತ್ತಿಗೂ ಬಗೆಹರಿದಿಲ್ಲ. ಆ ಮಾತು ಹುಟ್ಟಿದಂದಿನಿಂದ ಅದನ್ನು ಮಾತಿನಂತೆಯೇ ತೆಗೆದುಕೊಂಡವನು ಅವನೊಬ್ಬ.

ಮುಂದಿನ ಭಾನುವಾರ ಬಂದ, ಬಾಗಿಲಲ್ಲಿ ನಿಂತು, "ಬಂತಾ ಅಣ್ಣಾ?" ಅಂದ. ಇಲ್ಲ ಅಂದದ್ದಕ್ಕೆ ಹೋಗಿ ಚಪ್ಪಡಿಯ ಮೇಲೆ ಕೂತ. ಅದರ ಮುಂದಿನ ವಾರದಿಂದ ಕೇಳುವುದನ್ನೂ ಬಿಟ್ಟ, ಬಂದು ಕೂರುವುದಷ್ಟೇ. ಗಡ್ಡ ಬೆಳೆಯಿತು, ಕೂದಲು ಕಿವಿಯನ್ನು ಮುಚ್ಚಿತು, ಹಿಂದೆ ಕಾಲರಿನ ಮೇಲೆ ಇಳಿಯಿತು. ಬೇರೆಯವರಿಗೆ ಅದು ಬರೀ ಕೂದಲು. ಕೋದಂಡಪ್ಪನ ಕಸುಬಿನ ಕಣ್ಣಿಗೆ ಈ ವಾರ ಎಷ್ಟು, ಹೋದ ವಾರ ಎಷ್ಟು ಎಂಬುದು ಬೆಟ್ಟು ಇಟ್ಟು ಅಳೆದಂತೆ ಗೊತ್ತಾಗುತ್ತಿತ್ತು. ಕಾರ್ತಿಕದ ಹೊತ್ತಿಗೆ ಅಂಗಡಿ ಗುಡಿಸುವುದಕ್ಕೆ ಅವನಿಗೆ ಹೆದರಿಕೆಯಾಗತೊಡಗಿತು. ಇಡೀ ದಿನ ಮುಟ್ಟಿದ್ದು ಆರು ತಲೆ. ಗುಡಿಸಿದರೆ ಮೂಲೆಯಲ್ಲಿ ಏಳನೆಯದರ ಕೂದಲು ಕಾಣುತ್ತದೆ, ಒರಟು, ನಡುನಡುವೆ ಬಿಳಿ, ತುದಿಯಲ್ಲಿ ಗಣಿಯ ಧೂಳು. ಬಗ್ಗಿ ಹೆಕ್ಕಿ ನೋಡಿದರೆ ಬೇರೆ ಯಾರದೋ. ಊಟದಲ್ಲಿ ಒಂದು ಕೂದಲು ಸಿಕ್ಕಿದರೆ ತಟ್ಟೆ ತಳ್ಳಿ ಏಳುತ್ತಿದ್ದ. ಇತ್ತ ಊರಿನಲ್ಲಿ, ನೊರೆ ಹಚ್ಚಿ ಕೆನ್ನೆ ಮುಟ್ಟಿದ್ದಂತೂ ಮುಟ್ಟಿದ್ದೇ ಅಂತ ತೀರ್ಮಾನವಾಗಿ, ಬೇತಮಂಗಲದ ಕೆರೆಯಲ್ಲಿ ಮೂರು ಸಲ ಮುಳುಗಿ ಬರಬೇಕೆಂದರು. ತಾನು ಮುಟ್ಟಿದರೆ ಬೇರೆಯವರು ಸ್ನಾನ ಮಾಡಬೇಕಾದಂಥವನು, ಬೇರೆಯವನನ್ನು ಮುಟ್ಟಿ ಮೈಲಿಗೆಯಾದ ಅಂತ ತಾನೇ ಸ್ನಾನ ಮಾಡಿದ. ನೀರಲ್ಲಿ ನಿಂತಾಗ ಇದೆಲ್ಲ ಯಾಕೋ ನಗು ಬರುವಂಥದು ಅನ್ನಿಸಿ ನಕ್ಕ, ದಡದ ಮೇಲೆ ಶ್ರೀರಾಮಪ್ಪ ಇದ್ದುದರಿಂದ ಕೆಮ್ಮಿದ ಹಾಗೆ ಮಾಡಿದ.

"ಆಯ್ತೇನ್ಲಾ?" ಅಂದರು ಅಶ್ವತ್ಥಪ್ಪನವರು. ಆಗಿತ್ತು. ಅವರು ಎದ್ದು, ಕನ್ನಡಿಯಲ್ಲಿ ಗದ್ದ ಸವರಿಕೊಂಡು, ಅವನು ಚಾಚಿದ ಕೈಗೆ ತಾಗದಂತೆ ಬಟ್ಟೆಯನ್ನು ಕುರ್ಚಿಯ ಮೇಲೆ ಬಿಟ್ಟರು. ಎಲ್ಲರೂ ಕಚೇರಿಯ ಕಡೆ ನಡೆದರು. ಕೋದಂಡಪ್ಪ ಅಂಗಡಿಗೆ ಬೀಗ ಹಾಕಿ ಅವರಿಂದ ಹತ್ತು ಹೆಜ್ಜೆ ಹಿಂದೆ ಬಂದ.

ಕೇಸು ಹಾಕಿದ್ದು ಗಣಿಯ ಸಂಘದವರು. ಬೀದಿಗೆ ಬಾಗಿಲು ತೆರೆದು ಬೋರ್ಡು ಹಾಕಿದ ಅಂಗಡಿಯವನು ಯಾರನ್ನೂ ಹುಟ್ಟಿನ ಕಾರಣಕ್ಕೆ ಹೊರಗೆ ಕಳಿಸುವಂತಿಲ್ಲ ಅಂತ ಸಂಸ್ಥಾನದಲ್ಲಿ ಹೊಸ ಕಾನೂನು ಬಂದಿದೆಯಂತೆ. ವಕೀಲರು ಅದನ್ನು ಓದಿ ಹೇಳುವಾಗ ಮೂಗು ಮುರಿದಿದ್ದರು. ಅಂಗಡಿ ನಿನ್ನದು, ಕತ್ತಿ ನಿನ್ನದು, ಬೆವರು ನಿನ್ನದು, ಯಾರಿಗೆ ಮಾಡಬೇಕು ಯಾರಿಗೆ ಬೇಡ ಅನ್ನುವುದೂ ನಿನ್ನದೇ ಆಗಬೇಕು ನ್ಯಾಯವಾಗಿ, ಕಾಲ ಕೆಟ್ಟಿತು ಅಂದರು. ಆಮೇಲೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ಉಪಾಯ ಹೇಳಿಕೊಟ್ಟರು. ನೊರೆ ಹಚ್ಚಿದ್ದೇ ನಮಗೆ ಅನುಕೂಲ. ಮಾಡುವ ಮನಸ್ಸಿತ್ತು, ಅದಕ್ಕೇ ಹಚ್ಚಿದ. ಕತ್ತಿ ಮೊಂಡಾಗಿತ್ತು, ಸಾಣೆಗೆ ಕಳಿಸಿದ್ದು ಮರೆತಿದ್ದ. ಕಳಿಸಿದ್ದನ್ನು ಶ್ರೀರಾಮಪ್ಪ ನೋಡಿದ್ದಾನೆ. ಮುಗಿಯಿತು. ಕೋದಂಡಪ್ಪ ಎಲ್ಲಕ್ಕೂ ತಲೆಯಾಡಿಸಿದ್ದ. ಅವನ ತಲೆಯೊಳಗೆ ಕೂತದ್ದು ಮಾತ್ರ ಮೊದಲಿನ ಮಾತು. ನಿನ್ನದೇ ಆಗಬೇಕು ಅಂದರಲ್ಲ. ಯಾರಿಗೆ ಬೇಡ ಅನ್ನುವುದು ನನ್ನದಾಗಿದ್ದರೆ, ಸರದಿಯವನನ್ನು ಎಬ್ಬಿಸಿ ಕೂರುವ ಗೌಡರಿಗೆ ಒಂದು ದಿನ ಕಾಯಿರಿ ಅನ್ನಬಲ್ಲೆನೇ? ಬೇಡ ಅನ್ನುವ ಬಾಯಿ ನನ್ನದು, ಮಾತು ಅವರದು. ದೇವರ ಪಲ್ಲಕ್ಕಿ ಹೊತ್ತವನು ತಾನೂ ದೇವರ ಕಡೆಯವನೇ ಅಂದುಕೊಂಡ ಹಾಗಾಯಿತು ನನ್ನ ಕಥೆ. ಹೀಗೆಲ್ಲ ಯೋಚನೆ ಬಂದಾಗ ಅವನಿಗೆ ಒಂದು ಥರ ಹೆಮ್ಮೆಯಾಗುತ್ತಿತ್ತು, ಯೋಚನೆ ಮಾಡಿದ್ದಕ್ಕೇ. ಆಮೇಲೆ ನಾಚಿಕೆಯಾಗುತ್ತಿತ್ತು.

ಹೋದ ಭಾನುವಾರ ಅವನು ಎಂದೂ ಮಾಡದ್ದನ್ನು ಮಾಡಿದ್ದ. ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ರಸ್ತೆ ದಾಟಿ ಹೋಗಿ ಮರದ ಹತ್ತಿರ ನಿಂತ. ಹತ್ತಿರದಿಂದ ನೋಡಿದರೆ ಕುಪ್ಪುಸ್ವಾಮಿಯ ಕಣ್ಣಿನ ಸುತ್ತ ಕಪ್ಪಿತ್ತು, ಉಸಿರಿನಲ್ಲಿ ಗಣಿಯ ಮಂದಿಯ ಗೊರಗೊರ ಇತ್ತು.

"ಯಾಕಪ್ಪಾ ಇಂಗೆ ಪ್ರಾಣ ತಿಂತೀಯ? ಗಣಿಯಾಗೆ ನಿಮ್ಮೋರು ಯಾರೂ ಬೋಳ್ಸಲ್ವಾ?" ಅಂದ ಕೋದಂಡಪ್ಪ.

"ಅವ್ರೆ. ಇಬ್ರವ್ರೆ."

"ಮತ್ತೆ?"

ಕುಪ್ಪುಸ್ವಾಮಿ ತಲೆಯ ಬಟ್ಟೆ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ನಂಗೆ ಚೌರ ಬೇಡ ಅಣ್ಣಾ. ಬೇಕಿತ್ತು, ಆವಾಗ. ಈಗ ಬೇರೆ. ಅವತ್ತು ನಿನ್ ಕೈಯಾಗೆ ಕತ್ತಿ ಇತ್ತು ಅಂತ ನಾನು ಯೇಳ್ತೀನಿ. ಕೇಳೋರೆಲ್ಲ ಇಲ್ಲ ಅಂತವ್ರೆ. ನಿಮ್ಮೂರೋರು ಇಲ್ಲ ಅಂತವ್ರೆ, ಕೇಳಾಕೆ ಬಂದಿದ್ದ ಪೋಲೀಸಿನೋನೂ ಇಲ್ಲ ಅಂತ ಬರ್ಕೊಂಡ. ಕೆಳಗೆ ಗಣಿಯಾಗೆ ಕತ್ಲಲ್ಲಿ ಕೂತಾಗ ನಂಗೇ ಅನುಮಾನ ಬರ್ತದೆ. ಇತ್ತಾ, ಇಲ್ವಾ? ನಿಜವಾಗ್ಲೂ ಸಾಣೆಗೆ ಓಗಿತ್ತಾ? ನಾನೇ ಪೈತ್ಯ ಇಡ್ದು ಕೂತವ್ನಾ?" ಅಂದ. ಬಟ್ಟೆಯನ್ನು ಮತ್ತೆ ತಲೆಗೆ ಸುತ್ತಿಕೊಳ್ಳುತ್ತ ಹೇಳಿದ. "ನೀನು ಆಗಲ್ಲ ಅಂದೆ ಅಂತ ನಿನ್ ಬಾಯಾಗೆ ಒಂದು ಮಾತು ಬಂದ್ರೆ ಸಾಕು. ದಂಡಾನೂ ಬೇಡ, ಜೈಲೂ ಬೇಡ. ನಾನು ಎದ್ದು ಓಗ್ತೀನಿ."

ಕೋದಂಡಪ್ಪ ರಸ್ತೆ ದಾಟಿ ವಾಪಸು ಬಂದ. ಅಂಗಡಿಯಲ್ಲಿ ಕೂತು ತನ್ನ ಬಲಗೈ ನೋಡಿಕೊಂಡ. ಕತ್ತಿಯಿತ್ತೋ ಇಲ್ಲವೋ ಎಂಬ ಅನುಮಾನ ಅವನಿಗೆ ಇಲ್ಲ. ಆದರೆ ನೂರು ಸಲ ಇಲ್ಲ ಅಂದ ಮೇಲೆ, ಆ ಕೈ ಹಗುರವಾಗಿ, ಬೇರೆ ಯಾರದೋ ಕೈಯಂತೆ ಮಂಡಿಯ ಮೇಲೆ ಬಿದ್ದಿತ್ತು. ಈ ಲೋಕದಲ್ಲಿ ಆ ಕತ್ತಿಯನ್ನು ಕಂಡವರು ಮೂರೇ ಜನ. ಅವರಲ್ಲಿ ಶ್ರೀರಾಮಪ್ಪ ಕಂಡಿಲ್ಲ ಅನ್ನುತ್ತಾನೆ. ಕುಪ್ಪುಸ್ವಾಮಿಗೆ ಅನುಮಾನ ಬಂದಿದೆ. ಇನ್ನು ಉಳಿದವನು ತಾನೊಬ್ಬನೇ.

ಕಚೇರಿಯ ಅಂಗಳದಲ್ಲಿ ಆ ಕಡೆ ಬೇವಿನಮರದ ಕೆಳಗೆ ಗಣಿಯವರು, ಈ ಕಡೆ ಗೋಡೆಯ ನೆರಳಲ್ಲಿ ಗೌಡರ ಕಡೆಯವರು ನಿಂತಿದ್ದರು. ಜವಾನ ಹೆಸರು ಕೂಗಿದಾಗ ಕೋದಂಡಪ್ಪನಿಗೆ ತನ್ನ ಹೆಸರೆಂದು ಗೊತ್ತಾಗಲಿಲ್ಲ, ಶ್ರೀರಾಮಪ್ಪ ಬೈದು ಒಳಗೆ ತಳ್ಳಿದ. ಅಲ್ಲ, ತಳ್ಳಲಿಲ್ಲ, ಕೋಲಿನ ತುದಿಯಿಂದ ದಾರಿ ತೋರಿಸಿದ. ಒಳಗೆ ಅಮಲ್ದಾರರು ಕನ್ನಡಕವನ್ನು ಪಂಚೆಯ ತುದಿಗೆ ಒರೆಸಿಕೊಳ್ಳುತ್ತಿದ್ದರು. ಅವರ ಕಿವಿಯ ಮೇಲಿನ ಕೂದಲನ್ನು ಯಾರೋ ಕಲಿಯುವವನು ಕತ್ತರಿಸಿದ್ದಾನೆ, ಒಂದು ಕಡೆ ಜಾಸ್ತಿ. ಎಂಥ ಹೊತ್ತಿನಲ್ಲಿ ಎಂಥದು ಕಾಣುತ್ತದೆ ಅಂತ ಕೋದಂಡಪ್ಪನಿಗೆ ತನ್ನ ಮೇಲೆ ಬೇಸರವಾಯಿತು.

ಮೊದಲು ಕುಪ್ಪುಸ್ವಾಮಿಯನ್ನು ಕೇಳಿದರು. ಅವನು ತಡವರಿಸದೆ ಹೇಳಿದ. ಬಂದೆ, ಕೂತೆ, ನೊರೆ ಹಚ್ಚಿದ, ಕತ್ತಿ ಕೈಯಲ್ಲಿತ್ತು, ಸಾಣೆಗೆ ಹೋಗಿದೆ ಅಂದ. ವಕೀಲರು ಎದ್ದು ನಗುತ್ತ ಕೇಳಿದರು, ಕತ್ತಿ ನಿನ್ನ ಕಣ್ಣ ಮುಂದೆಯೇ ಇತ್ತು ಅನ್ನುತ್ತೀಯ, ಹಾಗಾದರೆ ಅದು ಬರಲಿ ಅಂತ ಏಳು ತಿಂಗಳು ಯಾಕಯ್ಯಾ ಕಾದೆ? ಕಚೇರಿಯಲ್ಲಿ ಇದ್ದವರೆಲ್ಲ ನಕ್ಕರು. ಕುಪ್ಪುಸ್ವಾಮಿ ಆ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದ. ತಲೆ ತಗ್ಗಿಸಿದ. ತಗ್ಗಿಸಿದಾಗ ಕೂದಲು ಮುಂದಕ್ಕೆ ಬಿದ್ದು, ಹಿಂದೆ ಕತ್ತಿನ ಹತ್ತಿರ ಒಂದು ಸಣ್ಣ ಸುಳಿ ಕೋದಂಡಪ್ಪನ ಕಣ್ಣಿಗೆ ಬಿತ್ತು. ಎಡಕ್ಕೆ ತಿರುಗಿದ ಸುಳಿ. ಅಂಥ ಕಡೆ ಕತ್ತರಿಯನ್ನು ಮೇಲಿನಿಂದ ಹಾಕಬಾರದು, ಕೆಳಗಿನಿಂದ ಬಾಚಣಿಗೆ ಕೊಟ್ಟು ಎತ್ತಬೇಕು. ಅವನ ಎಡಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅಲ್ಲಾಡಿತು. ಅವತ್ತು ಮುಟ್ಟಿದ ಕೆನ್ನೆಯ ಬಿಸಿ ಆ ಬೆರಳಲ್ಲಿ ಇನ್ನೂ ಇತ್ತು, ಬೇತಮಂಗಲದ ಕೆರೆ ಅದನ್ನು ತೆಗೆದಿರಲಿಲ್ಲ.

"ಈತ ನಿನ್ನ ಅಂಗಡಿಗೆ ಬಂದದ್ದು ನಿಜವೇ?" ಅಮಲ್ದಾರರು ಕೇಳಿದರು.

"ನಿಜ ಬುದ್ಧಿ."

"ಕ್ಷೌರ ಮಾಡುವುದಿಲ್ಲ ಅಂದೆಯಾ?"

ವಕೀಲರು ಕೆಮ್ಮಿದರು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇಪ್ಪತ್ತೈದು ವರ್ಷ ಹೇಳಿದ ಮಾತು ಅದು, ಹುಡುಕಬೇಕಾಗಿರಲಿಲ್ಲ. ಕೋದಂಡಪ್ಪ ಬಲಗೈ ಎತ್ತಿ ನೋಡಿಕೊಂಡ. ಹೇಳಿಬಿಟ್ಟರೆ ಈ ಕೈ ಇನ್ನು ತನ್ನದಲ್ಲ ಅನ್ನಿಸಿತು. ಆಮೇಲೆ ತನ್ನ ದನಿ ತನಗೇ ಕೇಳಿಸಿತು.

"ಅಂದೆ ಬುದ್ಧಿ. ಕತ್ತಿ ಕೈಯಾಗೇ ಇತ್ತು. ಆಗಲ್ಲ ಅಂದೆ."

ಕುಪ್ಪುಸ್ವಾಮಿ ತಲೆಯೆತ್ತಿದ. ಆ ಕಣ್ಣುಗಳನ್ನು ನೋಡಿ ಕೋದಂಡಪ್ಪನಿಗೆ ಏಳು ತಿಂಗಳಲ್ಲಿ ಮೊದಲ ಸಲ ಎದೆಯ ತುಂಬ ಉಸಿರು ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಅಮಲ್ದಾರರು ಬರೆಯುವುದನ್ನು ನಿಲ್ಲಿಸಿ ಕೇಳಿದರು, "ಯಾಕೆ ಹಾಗಂದೆ? ನಿನಗೆ ಯಾರಾದರೂ ಹೇಳಿಕೊಟ್ಟಿದ್ದರೋ? ಹೆದರಿಸಿದ್ದರೋ?"

ಬಾಗಿಲ ಹತ್ತಿರ ಅಶ್ವತ್ಥಪ್ಪನವರು ನಿಂತಿದ್ದರು. ಅವರ ನುಣ್ಣನೆಯ ಗದ್ದ ಬಿಸಿಲಿಗೆ ಹೊಳೆಯುತ್ತಿತ್ತು. ಹೌದು ಬುದ್ಧಿ, ಮಾಡಿದ್ದರೆ ಇವರು ನನ್ನ ರಾಗಿ ನಿಲ್ಲಿಸುತ್ತಿದ್ದರು ಅಂತ ಹೇಳುವುದು ಉಳಿದರ್ಧ ನಿಜ. ಕೋದಂಡಪ್ಪ ಆ ಅರ್ಧದ ಹತ್ತಿರ ಹೋಗಿ ನಿಂತ, ಅದರ ಎತ್ತರ ನೋಡಿ ಕಾಲು ಹಿಂದಕ್ಕೆ ಬಂತು.

"ಯಾರೂ ಯೇಳ್ಕೊಡ್ಲಿಲ್ಲ," ಅಂದ. ಅಷ್ಟಕ್ಕೆ ಸಾಲದೆಂದು ಇನ್ನೂ ಗಟ್ಟಿಯಾಗಿ ಅಂದ, "ನನ್ನಂಗ್ಡಿ ಬುದ್ಧಿ. ನಾನೇ ಆಗಲ್ಲ ಅಂದೆ."

ಹೆದರಿಕೆಯಿಂದ ಹೊರಟ ಮಾತು ಬಾಯಿಗೆ ಬರುವ ಹೊತ್ತಿಗೆ ಬೇರೆಯೇ ಆಗಿತ್ತು. ನನ್ನಂಗಡಿ ಎಂಬ ಮಾತನ್ನು ನಾಲ್ಕು ಜನರ ಮುಂದೆ ಅವನು ಅದುವರೆಗೆ ಅಂದಿರಲಿಲ್ಲ. ಹಿಂದೆ ಯಾರೋ ಭಲೇ ಅಂದರು. ಜವಾನ ಸುಮ್ಮನಿರಿ ಅಂತ ಕೂಗಿದ. ವಕೀಲರು ಹಣೆ ಹಿಡಿದುಕೊಂಡು ಕೂತರು. ಅಮಲ್ದಾರರು ಕಾನೂನಿನ ಪುಸ್ತಕ ತೆಗೆದು ಏನೋ ಓದಿದರು, ದಂಡ ಅಂದರು, ಕಟ್ಟದಿದ್ದರೆ ಹದಿನೈದು ದಿನ ಸಜೆ ಅಂದರು. ಅವನು ಅದನ್ನು ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳುವುದರೊಳಗೆ ಅಶ್ವತ್ಥಪ್ಪನವರು ದುಡ್ಡು ಕಟ್ಟಿಸಿಯಾಗಿತ್ತು.

ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು. ಏನು ಬೈಗುಳ ಬರುತ್ತದೋ ಅಂತ ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದ. ಬೈಗುಳ ಬರಲಿಲ್ಲ. ಊರಿನವರು ಸುತ್ತುವರಿದರು. "ಕಚೇರಿಯಾಗೆ ಅಮಲ್ದಾರ್ನ ಮಕಕ್ಕೆ ಒಡ್ದಂಗೆ ಯೇಳ್ದ ನೋಡ್ಲಾ," ಅಂದ ಶ್ರೀರಾಮಪ್ಪ. "ನಾವೆಲ್ಲ ಸುಳ್ಳು ಯೇಳಾಕೆ ಬಂದಿದ್ವಿ. ಇವ್ನೊಬ್ಬ ಗಂಡಸು." ಕೋದಂಡಪ್ಪ, ಅಲ್ಲ, ನಾನು ಅಂದದ್ದು ಹಾಗಲ್ಲ ಅಂತ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಸ್ಟೇಷನ್ನಿನ ಕಡೆಯಿಂದ ಒಂದು ಕನಕಾಂಬರದ ಹಾರ ತಂದರು. ಅಶ್ವತ್ಥಪ್ಪನವರು ಅದನ್ನು ತಾವೇ ತೆಗೆದುಕೊಂಡು ಅವನ ಕೊರಳಿಗೆ ಹಾಕಿದರು. ಹಾಕಿದ ಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಅವನ ಭುಜದ ಮೇಲೆ ಇಟ್ಟರು.

"ಮರ್ಯಾದೆ ಉಳಿಸ್ದೆ ಕಣ್ಲಾ ಕೋದಂಡ," ಅಂದರು.

ದಪ್ಪನೆಯ ಕೈ. ಅಂಗಿಯ ಮೇಲಿಂದಲೂ ಅದರ ಬಿಸಿ ಗೊತ್ತಾಗುತ್ತಿತ್ತು. ಈ ಮನುಷ್ಯನ ತಲೆ, ಕೆನ್ನೆ, ಕಂಕುಳು, ಉಗುರು ಎಲ್ಲವನ್ನೂ ಅವನು ಬಲ್ಲ. ಈ ಮನುಷ್ಯ ತಾನಾಗಿ ಅವನನ್ನು ಮುಟ್ಟಿದ್ದು ಇದೇ ಮೊದಲು. ಕೋದಂಡಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ತಾನು ತಪ್ಪು ಒಪ್ಪಿಕೊಂಡದ್ದನ್ನು ಇವರು ಪೌರುಷ ಅಂತ ತಿಳಿದಿದ್ದಾರೆ, ಈಗಲೇ ಹೇಳಿಬಿಡಬೇಕು ಅಂದುಕೊಂಡ. ಅಂದುಕೊಳ್ಳುತ್ತಲೇ, ತನಗೆ ಸಂತೋಷವಾಗುತ್ತಿದೆ ಎಂದು ಗೊತ್ತಾಯಿತು. ಚಿಕ್ಕಂದಿನಿಂದ ಎಲ್ಲೋ ಇಂಗಿಹೋದ ನೀರು ಉಕ್ಕಿ ಬಂದ ಹಾಗೆ ಸಂತೋಷವಾಯಿತು. ಕಣ್ಣಲ್ಲಿ ನೀರು ಬಂತು. ಊರಿನವರು ಅದನ್ನು ನೋಡಿ ಇನ್ನಷ್ಟು ಮೆಚ್ಚಿದರು.

ಬೇವಿನಮರದ ಕಡೆಯಿಂದ ಕುಪ್ಪುಸ್ವಾಮಿ ಅಂಗಳ ದಾಟಿ ಬರುತ್ತಿದ್ದ. ಸಂಘದವನೊಬ್ಬ ತೋಳು ಹಿಡಿದು ತಡೆದ, ಕೊಡವಿಕೊಂಡ. ಆ ಅಂಗಳದಲ್ಲಿ ನಡೆದದ್ದು ಏನೆಂದು ಅರ್ಥವಾಗಿದ್ದವನು ಅವನೊಬ್ಬನೇ ಎಂಬುದು ಅವನ ನಡಿಗೆಯಲ್ಲೇ ಕಾಣುತ್ತಿತ್ತು. ಹಾರವನ್ನಾಗಲಿ ಸುತ್ತಲಿದ್ದವರನ್ನಾಗಲಿ ಅವನು ನೋಡಲಿಲ್ಲ. ಎರಡು ಮೊಳ ದೂರದಲ್ಲಿ ನಿಂತ. ಕೂದಲು ಹಣೆಗೆ ಬಿದ್ದಿತ್ತು.

"ಇತ್ತು ಅಲ್ವಾ ಅಣ್ಣಾ," ಅಂದ. "ರೊಂಬ ದೊಡ್ಡ ಮನಸು ನಿಂದು. ಯೇಳ್ಬುಟ್ಟೆ." ಅಂದವನು ಎರಡೂ ಕೈ ಮುಂದೆ ಚಾಚಿ ಕೋದಂಡಪ್ಪನ ಬಲಗೈ ಹಿಡಿಯಲು ಇನ್ನೊಂದು ಹೆಜ್ಜೆ ಇಟ್ಟ.

ಕೋದಂಡಪ್ಪನ ಬಲಗೈ ಅರ್ಧ ಎದ್ದಿತ್ತು. ಭುಜದ ಮೇಲಿನ ಕೈ ಹಗುರವಾಯಿತು. ಅಶ್ವತ್ಥಪ್ಪನವರು ಏನೂ ಅನ್ನಲಿಲ್ಲ, ಕಣ್ಣು ಕೂಡ ಕೆಂಪಗೆ ಮಾಡಲಿಲ್ಲ. ಕೈಯನ್ನು ತೆಗೆಯಬೇಕೋ ಇಡಬೇಕೋ ಅಂತ ನೋಡುತ್ತಿದ್ದರು, ಅಷ್ಟೇ.

"ದೂರ ನಿಂತ್ಕೊಳ್ಲಾ," ಅಂದ ಕೋದಂಡಪ್ಪ.

ಕುಪ್ಪುಸ್ವಾಮಿ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಂದನ್ನೊಂದು ಹಿಡಿದುಕೊಂಡು ನಿಂತ. ಭುಜದ ಮೇಲಿನ ಕೈ ಮೊದಲಿಗಿಂತ ಭಾರವಾಗಿ ಕೂತಿತು, ಎರಡು ಸಲ ತಟ್ಟಿತು. ಈ ಸಲ ಕೋದಂಡಪ್ಪನಿಗೆ ನಿಜವಾಗಿಯೂ ಯಾರೂ ಹೇಳಿಕೊಟ್ಟಿರಲಿಲ್ಲ.